ಹೊಸಕೋಟೆಯಿಂದ ತೋವಿನಕೆರೆಗೆ, ಒಂದೇ ಬೂಟಿನಲ್ಲಿ

ಮಧುಗಿರಿಯ ನನ್ನ ಅಂಗಡಿಗೆ ಸತ್ತ ಕೋಳಿ ಹಿಡಿದುಕೊಂಡು ಬರುವವರು ವಾರಕ್ಕೆ ಒಬ್ಬರಾದರೂ ಇದ್ದೇ ಇರುತ್ತಾರೆ. ನಾನು ಕೋಳಿ ಫೀಡು, ಔಷಧಿ ಮಾರುವವನು, ಡಾಕ್ಟರಲ್ಲ. ಹಾಗೆಂದು ಬೋರ್ಡು ಬರೆಸಿ ತೂಗುಹಾಕಿದ್ದೇನೆ, ಯಾರು ಓದುತ್ತಾರೆ? "ನೀವೇ ಒಂದ್ಸಲ ಕುಯ್ದು ನೋಡ್ಬುಡಿ ಸಾರ್" ಎಂದು ಕ್ಯಾರಿಬ್ಯಾಗನ್ನು ಗಲ್ಲಾದ ಮೇಲೆ ಇಟ್ಟೇಬಿಡುತ್ತಾರೆ. ಕಳೆದ ತಿಂಗಳು ಮೂರು ದಿನ ಬಿಡದೆ ಸೋನೆ ಹಿಡಿದಿದ್ದಾಗ ಪುರವರದ ಕಡೆಯ ರೈತರೊಬ್ಬರು ಹೀಗೇ ಒಂದು ಕೋಳಿ ತಂದರು. ಅಂಗಡಿಯ ಹಿಂದೆ ಕೂತು ಹೊಟ್ಟೆ ಸೀಳಿದೆ. ಕೋಳಿಯ ಕರುಳಿನ ಕೊನೆಯಲ್ಲಿ ಎರಡು ಸಣ್ಣ ಚೀಲಗಳಿರುತ್ತವೆ. ಅವೆರಡೂ ಹೆಬ್ಬೆರಳಿನಷ್ಟು ದಪ್ಪ ಊದಿ, ಒಳಗೆ ಕಪ್ಪಗೆ ರಕ್ತ ಹೆಪ್ಪುಗಟ್ಟಿತ್ತು. ಶೆಡ್ಡಿನ ನೆಲಕ್ಕೆ ಹಾಸುವ ಕಡಲೆಕಾಯಿ ಸಿಪ್ಪೆ ಒದ್ದೆಯಾಗಿ ಪುಕ್ಕಕ್ಕೆ ಮೆತ್ತಿತ್ತು, ಅದರ ಘಾಟು ವಾಸನೆ ಮೂಗಿಗೆ ರಾಚಿತು.

"ಕಾಕ್ಸಿ" ಎಂದೆ. ಕೋಳಿ ಸಾಕುವವರೆಲ್ಲ ಆ ರಕ್ತಭೇದಿಯನ್ನು ಕರೆಯುವುದು ಹಾಗೆಯೇ.

"ಯಾಕೆ ಬಂತು ಸಾರ್? ನಾವೇನ್ ತಪ್ಪು ಮಾಡುದ್ವಿ?" ಎಂದು ಆ ರೈತರು ಕೇಳಿದರು.

ಔಷಧಿ ಕೊಟ್ಟು, ನೀರಿಗೆ ಹೇಗೆ ಬೆರೆಸಬೇಕೆಂದು ಹೇಳಿ ಕಳಿಸಿದೆ. ಆ ಪ್ರಶ್ನೆಗೆ ಮಾತ್ರ ಏನೂ ಹೇಳಲಿಲ್ಲ. ಇದೇ ಪ್ರಶ್ನೆಯನ್ನು ಏಳು ವರ್ಷದ ಹಿಂದೆ ತೋವಿನಕೆರೆಯಲ್ಲಿ ಓಬಳಮ್ಮ ಎಂಬ ಹೆಂಗಸು ನನ್ನ ಮುಂದೆ ನಿಂತು ಕೇಳಿದ್ದರು. ಆಗ ನಾನು ಉತ್ತರ ಕೊಟ್ಟಿದ್ದೆ. ಅದು ಸುಳ್ಳು ಉತ್ತರ.

ಆಗ ನಾನೊಂದು ಕೋಳಿ ಕಂಪನಿಯಲ್ಲಿ ಸೂಪರ್‌ವೈಸರ್. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ದುಡಿಮೆ ರೈತರದು. ಮರಿ ಬಂದ ದಿನದಿಂದ ಕೋಳಿ ಲಾರಿ ಹತ್ತುವ ದಿನದವರೆಗೂ ಶೆಡ್ಡಿಂದ ಶೆಡ್ಡಿಗೆ ಹೋಗಿ ತೂಕ ನೋಡುವುದು, ಸತ್ತಿದ್ದನ್ನು ಕುಯ್ದು ಕಾರಣ ಹುಡುಕುವುದು, ಬುದ್ಧಿ ಹೇಳುವುದು ನನ್ನ ಕೆಲಸ. ಮಧುಗಿರಿಯಲ್ಲಿ ರೂಮು. ಅಲ್ಲಿಂದ ಶಿರಾ, ಕೊರಟಗೆರೆ, ಪಾವಗಡ ಎಂದು ದಿನವಿಡೀ ಬೈಕಿನ ಮೇಲೆ. ಇಪ್ಪತ್ತಾರು ವರ್ಷ, ಕೊರಳಿಗೆ ಐಡಿ ಕಾರ್ಡು, ಕಾಲಿಗೆ ಮೊಣಕಾಲುದ್ದದ ಕರಿ ರಬ್ಬರ್ ಬೂಟು. ನನ್ನ ಗತ್ತು ನೋಡಬೇಕಿತ್ತು. ಅಪ್ಪನ ವಯಸ್ಸಿನವರನ್ನು "ಏನ್ರೀ, ಹೊಟ್ಟು ತಿರುವಿಲ್ವಾ ಇವತ್ತು?" ಎಂದು ದಬಾಯಿಸುತ್ತಿದ್ದೆ. ನೆಲಕ್ಕೆ ಹಾಸಿದ ಹೊಟ್ಟನ್ನು ದಿನಾ ತಿರುವಿ ಒಣಗಿಸದಿದ್ದರೆ ರೋಗ ಬರುವುದು ನಿಜ. ಆದರೆ ಅದನ್ನು ಹೇಳುವುದಕ್ಕೊಂದು ರೀತಿ ಇದೆಯಲ್ಲ, ಅದು ನನಗೆ ಗೊತ್ತಿರಲಿಲ್ಲ.

ಓಬಳಮ್ಮನ ಶೆಡ್ಡು ತೋವಿನಕೆರೆಯ ಹೊರಗೆ, ರಾಗಿ ಹೊಲದ ಅಂಚಿನಲ್ಲಿತ್ತು. ಗಂಡ ಲಾರಿ ಡ್ರೈವರ್, ಊರಲ್ಲಿ ಇರುತ್ತಿದ್ದುದು ಅಪರೂಪ. ಶೆಡ್ಡು ನಡೆಸುತ್ತಿದ್ದವರು ಓಬಳಮ್ಮ ಮತ್ತು ಅವರ ತಂಗಿ ಸುಜಾತ. ಅಕ್ಕನಿಗೆ ನಲವತ್ತರ ಮೇಲೆ, ತಂಗಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಮದುವೆ ಮಾತೆತ್ತಿದರೆ ಸುಜಾತ "ಮೊದ್ಲು ನನ್ ಶೆಡ್ ಆಗ್ಲಿ, ಆಮೇಲೆ ಗಂಡ" ಎನ್ನುತ್ತಿದ್ದಳು. ಅದು ತಮಾಷೆಯ ಮಾತಲ್ಲ. ಅಕ್ಕನ ಶೆಡ್ಡಿನ ಪಕ್ಕದಲ್ಲೇ ಅವಳ ಹೆಸರಿನ ಎರಡನೇ ಶೆಡ್ಡಿಗೆ ಪಾಯ ಹಾಕಿ, ಕಲ್ಲುಕಂಬ ನಿಲ್ಲಿಸಿಯಾಗಿತ್ತು. ಈ ಬ್ಯಾಚು ಚೆನ್ನಾಗಿ ಬಂದರೆ ಹೊಸ ಶೆಡ್ಡಿಗೂ ಮರಿ ಕೊಡುತ್ತೇವೆಂದು ಕಂಪನಿ ಒಪ್ಪಿತ್ತು. ಶಿಫಾರಸು ಬರೆದವನು ನಾನೇ, ಯಾಕೆಂದರೆ ನಾನು ನೋಡಿಕೊಳ್ಳುತ್ತಿದ್ದ ಲೈನಿನಲ್ಲಿ ಅಷ್ಟು ಒಪ್ಪವಾದ ಶೆಡ್ಡು ಇನ್ನೊಂದಿರಲಿಲ್ಲ.

ಅಕ್ಕತಂಗಿಯರದು ಒಂದು ಪದ್ಧತಿ ಇತ್ತು. ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಚೊಂಬು. ಮೆಟ್ಟು ಆಚೆ ಬಿಟ್ಟು, ಮನೆಯೊಳಗೆ ಹೋಗುವಂತೆ ಕಾಲು ತೊಳೆದುಕೊಂಡು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಮೊದಲ ದಿನ ನನಗೂ ಹೇಳಿದರು.

"ಬೂಟ್ ಬುಟ್ಟು ಬನ್ನಿ ಸಾರ್. ಎಳೇ ಕೂಸಿರೋ ಮನೆಗೆ ಯಾರಾದ್ರೂ ಮೆಟ್ಟು ಹಾಕ್ಕಂಡ್ ಬತ್ತಾರಾ?" ಎಂದರು ಓಬಳಮ್ಮ.

ನನಗೆ ನಗು ಬಂತು. ಬಾಗಿಲಲ್ಲಿ ಕಂಪನಿ ಇಡಿಸಿದ್ದ ತಟ್ಟೆ ತೋರಿಸಿದೆ. ಅದರಲ್ಲಿ ಬೆಳ್ಳಗೆ ಔಷಧಿ ನೀರು ಇರುತ್ತಿತ್ತು. "ಇದು ಕೋಳಿ ಶೆಡ್ಡು ಕಣಮ್ಮ, ದೇವಸ್ಥಾನ ಅಲ್ಲ. ಇದರಲ್ಲಿ ಬೂಟು ಅದ್ದಿದರೆ ಎಲ್ಲ ಕ್ರಿಮಿಯೂ ಸಾಯುತ್ತೆ. ನಿಮ್ಮ ಚೊಂಬಿನ ನೀರಿಗೆ ಏನು ಸಾಯುತ್ತೆ?" ಎಂದೆ. ಸುಜಾತ ಮುಖ ಸಣ್ಣಗೆ ಮಾಡಿಕೊಂಡಳು. ಓಬಳಮ್ಮ "ಓದ್ದೋರು, ನಿಮ್ಗೆ ಗೊತ್ತಿರ್ತೈತೆ ಬುಡಿ" ಎಂದು ದಾರಿ ಬಿಟ್ಟರು.

ಆ ವರ್ಷ ಉತ್ತರೆ ಮಳೆ ಜೋರಾಗಿ ಹಿಡಿಯಿತು. ವರ್ಷವೆಲ್ಲ ಮೋಡ ನೋಡಿಕೊಂಡು ಕೂರುವ ಪಾವಗಡದ ಕಡೆಯೂ ಹಳ್ಳಗಳು ಹರಿದವು, ಕಡಲೆಕಾಯಿ ಹೊಲಗಳಲ್ಲಿ ನೀರು ನಿಂತಿತು. ಬೇರೆಯವರಿಗೆಲ್ಲ ಸಂತೋಷ. ಕೋಳಿ ಸಾಕುವವರಿಗೆ ಮಾತ್ರ ಗಾಳಿಯಲ್ಲಿ ತೇವ ಹೆಚ್ಚಾದರೆ ದಿಗಿಲು. ಈ ಕಾಕ್ಸಿ ರೋಗದ ಜೀವಿ ಕೋಳಿಯ ಕರುಳಲ್ಲಿ ಬೆಳೆದು, ಹಿಕ್ಕೆಯಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳಾಗಿ ಹೊರಗೆ ಬೀಳುತ್ತದೆ. ಹೊಟ್ಟು ಒಣಗಿದ್ದರೆ ಅವು ಬಹುಪಾಲು ಹಾಗೇ ಸಾಯುತ್ತವೆ. ತೇವ, ಸೆಕೆ ಎರಡೂ ಸಿಕ್ಕಿದರೆ ಒಂದೆರಡು ದಿನದಲ್ಲೇ ಬಲಿತು, ಕೆದಕಿ ತಿನ್ನುವ ಮರಿಗಳ ಹೊಟ್ಟೆ ಸೇರುತ್ತವೆ. ವಾರ ಕಳೆಯುವುದರೊಳಗೆ ಹಿಕ್ಕೆ ಕೆಂಪಾಗುತ್ತದೆ.

ಆ ಸಲ ಮೊದಲು ಕೆಂಪಾದದ್ದು ವೈ.ಎನ್.ಹೊಸಕೋಟೆಯ ಹತ್ತಿರ, ನರಸಿಂಹಪ್ಪ ಎಂಬುವರ ಶೆಡ್ಡಿನಲ್ಲಿ. ಶನಿವಾರ ಬೆಳಿಗ್ಗೆ ನಾನು ಹೋದಾಗ ಅವರು ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. "ಅಯ್ಯೋ ದೇವುಡಾ, ಬಂದು ನೋಡಿ ಸಾರ್, ಅಂತಾ ರಕ್ತಮೇ. ಇದೇಂ ರೋಗ ಸಾರ್?" ಎಂದು ತೆಲುಗು ಬೆರೆಸಿ, ಎಲ್ಲ ರಕ್ತಮಯವೆಂದು ಗೋಳಿಟ್ಟರು. ಒಳಗೆ ಕೋಳಿಗಳು ರೆಕ್ಕೆ ಜೋತುಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆಗಳಲ್ಲಿ ಒತ್ತಾಗಿ ನಿಂತಿದ್ದವು. ಹೊಟ್ಟು ಅಂಬಲಿಯಂತಾಗಿತ್ತು. ಅದರಲ್ಲೇ ಎರಡು ಗಂಟೆ ಓಡಾಡಿ, ಸತ್ತವನ್ನು ಕುಯ್ದು, ಔಷಧಿ ಬರೆದುಕೊಟ್ಟೆ.

ನಮಗೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಎಳೆ ಮರಿ ಇರುವ ಶೆಡ್ಡಿಗೆ ಮೊದಲು ಹೋಗಬೇಕು, ದೊಡ್ಡ ಕೋಳಿಗೆ ಆಮೇಲೆ, ರೋಗದ ಶೆಡ್ಡಿಗೆ ಎಲ್ಲಕ್ಕಿಂತ ಕೊನೆಗೆ. ರೋಗದ ಶೆಡ್ಡಿನಿಂದ ಸೀದಾ ರೂಮಿಗೆ ಹೋಗಬೇಕು, ಸ್ನಾನ ಮಾಡಬೇಕು, ಬೂಟು ಬದಲಿಸಬೇಕು. ಅವತ್ತು ನಾನು ರೂಮಿಗೆ ಹೋಗಲಿಲ್ಲ. ಯಾಕೆ ಗೊತ್ತೆ? ಮಾರನೇ ದಿನ ಭಾನುವಾರ ಶಿರಾದಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು. ವಾರದ ತೂಕದ ಕೆಲಸದಲ್ಲಿ ತೋವಿನಕೆರೆಯೊಂದು ಬಾಕಿ ಇತ್ತು. ಅದನ್ನೂ ಮುಗಿಸಿಬಿಟ್ಟರೆ ಕ್ಷೌರ ಮಾಡಿಸಿಕೊಂಡು, ಅಂಗಿ ಇಸ್ತ್ರಿ ಮಾಡಿಸಿ, ನಿಶ್ಚಿಂತೆಯಾಗಿ ಹೋಗಬಹುದು. ಇಷ್ಟೇ ಕಾರಣ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವಂತಾಗುತ್ತದೆ.

ಮಧ್ಯಾಹ್ನ ಎರಡಕ್ಕೆ ತೋವಿನಕೆರೆ ಮುಟ್ಟಿದೆ. ಓಬಳಮ್ಮನ ಮರಿಗಳಿಗೆ ಆಗ ಎರಡು ವಾರ. ಹತ್ತಿಯುಂಡೆಯ ಹಾಗಿದ್ದದ್ದು ಹೋಗಿ ಬಿಳಿ ಪುಕ್ಕ ಮೂಡಿ ಚುರುಕಾಗಿ ಓಡಾಡುತ್ತಿದ್ದವು. ಸುಜಾತ ನನ್ನ ಕಾಲನ್ನೇ ನೋಡಿದಳು.

"ಸಾರ್, ಬೂಟಿನ ತಳದ ತುಂಬ ಏನೋ ಮೆತ್ಕಂಡೈತೆ. ನೀರ್ ಕೊಡ್ತೀನಿ, ತೊಳ್ಕಳಿ."

"ತಟ್ಟೆ ಯಾಕಿಟ್ಟಿರೋದು?" ಎಂದು ರೇಗಿದೆ. ತಟ್ಟೆಯಲ್ಲಿ ಒಂದು ಕಾಲು, ಇನ್ನೊಂದು ಕಾಲು ಅದ್ದಿ ಒಳಗೆ ನಡೆದೆ. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೂ ನಡೆದೆ. ಹೊಸಕೋಟೆಯ ಹೊಟ್ಟು ನನ್ನ ಬೂಟಿನ ಗೆರೆಗಳಲ್ಲಿ ಕೂತಿತ್ತು.

ಅವತ್ತೇ ಸುಜಾತ ಇನ್ನೊಂದು ಮಾತು ಹೇಳಿದಳು. "ಮೊನ್ನೆ ಸಾಯಂಕಾಲ ಮಳೆ ಬಂದಾಗ ಪರದೆ ಇಳಿಸೋದು ಒಸಿ ತಡ ಆಯ್ತು ಸಾರ್. ಆ ಮೂಲೇಲಿ ಹೊಟ್ಟು ನೆಂದಿತ್ತು. ಆವಾಗ್ಲೇ ಕೆರೆದು ತೆಗ್ದು, ಸುಣ್ಣ ಉದುರ್ಸಿ, ಹೊಸಾದು ಹಾಕ್ದೆ. ನಿಮ್ಗೆ ಹೇಳ್ಬುಡಾಣ ಅಂತ." ಯಾರೂ ಕೇಳದಿದ್ದರೂ ತಾನಾಗಿಯೇ ಒಪ್ಪಿಕೊಂಡಳು. ಆ ಮೂಲೆಗೆ ಹೋಗಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಟ್ಟೆ. ಪುಡಿಪುಡಿಯಾಗಿ ಉದುರಿತು, ಚೆನ್ನಾಗಿ ಒಣಗಿತ್ತು. "ಪರವಾಗಿಲ್ಲ" ಎಂದೆ.

ಹತ್ತು ಹನ್ನೊಂದು ದಿನ ಕಳೆದಿರಬೇಕು. ಬೆಳಿಗ್ಗೆ ಓಬಳಮ್ಮನ ಫೋನು ಬಂತು. "ಸಾರ್, ಕೆಂಪಗೆ ಹೋಗ್ತಾವೆ ಸಾರ್. ಬೇಗ ಬನ್ನಿ." ಅದು ಹೇಗೆ ಬಂದಿರಬಹುದೆಂದು ಫೋನ್ ಇಡುವ ಮೊದಲೇ ನನಗೆ ಹೊಳೆದಿತ್ತು. ಆದರೂ ಬೂಟಿಗೆ ಔಷಧಿ ಮುಟ್ಟಿಸಿದ್ದೆನಲ್ಲ ಎಂದು ಸಮಾಧಾನ ಹೇಳಿಕೊಂಡೆ. ಟ್ರಂಕಿನ ತಳದಲ್ಲಿ ಟ್ರೇನಿಂಗಿನ ನೋಟ್‌ಬುಕ್ ಇತ್ತು, ತೆಗೆದು ನೋಡಿದೆ. ನನ್ನದೇ ಅಕ್ಷರ: "ಕಾಕ್ಸಿ ಮೊಟ್ಟೆ ತಟ್ಟೆಯ ಔಷಧಿಗೆ ಸಾಯುವುದಿಲ್ಲ. ಶೆಡ್ಡಿಗೊಂದು ಬೇರೆ ಚಪ್ಪಲಿ ಇಡಿಸುವುದು ಉತ್ತಮ." ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಹೆಂಗಸರು ಯಾರೂ ಹೇಳಿಕೊಡದೆ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಅದೇ. ಅದಕ್ಕೆ ನಾನು ನಕ್ಕಿದ್ದೆ.

ಕಂಪನಿಯ ಡಾಕ್ಟರೂ ಅವತ್ತು ಬಂದರು. ರಿಯಾಜ್ ಡಾಕ್ಟರು, ಶಿರಾದವರು, ಮಾತು ಕಡಿಮೆ. ನಾಲ್ಕು ಕೋಳಿ ಕುಯ್ದು ನೋಡಿದರು. ಹೊಟ್ಟು ಮುಟ್ಟಿ ನೋಡಿದರು. "ಅರೆ, ಫೀಡಿನಲ್ಲೇ ಔಷಧಿ ಇದೆ. ಹೊಟ್ಟೂ ಒಣಗಿದೆ. ಇಷ್ಟು ಜೋರಾಗಿ ಬರಬೇಕು ಅಂದ್ರೆ ಹೊರಗಿಂದ ಯಾರೋ ತಂದಿರಬೇಕು" ಎಂದು ನನ್ನ ಕಡೆ ತಿರುಗಿದರು. "ನೀನು ಹೊಸಕೋಟೆಗೆ ಹೋದ ಎಷ್ಟು ದಿನಕ್ಕೆ ಇಲ್ಲಿಗೆ ಬಂದೆ?"

ಅಲ್ಲಿ ನಾಲ್ಕು ಜನ ಇದ್ದೆವು. ಡಾಕ್ಟರು, ನಾನು, ಓಬಳಮ್ಮ, ಸುಜಾತ. ಹೊಸಕೋಟೆಗೆ ನಾನು ಯಾವತ್ತು ಹೋಗಿದ್ದೆನೆಂದು ಅಕ್ಕತಂಗಿಯರಿಗೆ ಗೊತ್ತಿರಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತೇನೋ, ಅಥವಾ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತೋ. ಅದನ್ನು ಯೋಚಿಸುವಷ್ಟೂ ತಡೆಯಲಿಲ್ಲ ನನ್ನ ನಾಲಿಗೆ.

"ಎರಡು ದಿನ ಬಿಟ್ಟು ಬಂದೆ ಸಾರ್. ಬೂಟೂ ಬೇರೆ" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಇವರು ಮಳೆಯಲ್ಲಿ ಪರದೆ ಇಳಿಸಿರಲಿಲ್ಲ ಸಾರ್. ಹೊಟ್ಟೆಲ್ಲ ನೆಂದಿತ್ತು. ಇವರೇ ಹೇಳಿದರು, ಕೇಳಿ."

ಡಾಕ್ಟರು ಸುಜಾತಳ ಕಡೆ ನೋಡಿದರು. "ಹೌದೇನಮ್ಮ?"

ಅವಳು ನನ್ನನ್ನೇ ನೋಡುತ್ತಿದ್ದಳು. "ಒಂದು ಮೂಲೆ ಸಾರ್. ಆವಾಗ್ಲೇ ತೆಗ್ದಾಕಿದ್ದೆ" ಎಂದಳು.

"ಅಂದ್ರೆ ಏನ್ ಸಾರ್, ನಾವೇನ್ ತಪ್ಪು ಮಾಡುದ್ವಿ? ಅದ್ರಿಂದ್ಲೇ ಬಂತಾ?" ಎಂದು ಓಬಳಮ್ಮ ಕೇಳಿದ್ದು ಆಗಲೇ. ಡಾಕ್ಟರನ್ನಲ್ಲ, ನನ್ನನ್ನು ಕೇಳಿದರು. ನನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ.

"ಅದರಿಂದಲೇ ಬರೋದು ಕಣಮ್ಮ" ಎಂದೆ.

ಆಮೇಲಿನ ಒಂದು ವಾರ ಅವರಿಬ್ಬರೂ ಪಟ್ಟ ಪಾಡು ನಾನು ನೋಡಿದ್ದೇನೆ. ನೀರಿನ ತೊಟ್ಟಿಗೆ ಔಷಧಿ ಬೆರೆಸಿದರು. ರಕ್ತಭೇದಿ ಬಿದ್ದ ಹೊಟ್ಟನ್ನು ಮಂಕರಿಯಲ್ಲಿ ಹೊತ್ತು ದೂರಕ್ಕೆ ಹಾಕಿದರು. ಸತ್ತವನ್ನು ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಮಾತು ಮಾತ್ರ ಇರಲಿಲ್ಲ. ಅಕ್ಕ ಒಂದು ತುದಿಯಲ್ಲಿ, ತಂಗಿ ಇನ್ನೊಂದು ತುದಿಯಲ್ಲಿ. ಒಮ್ಮೆ ನಾನು ಬಾಗಿಲಲ್ಲಿರುವಾಗಲೇ ಓಬಳಮ್ಮ ಸಿಡಿದರು: "ಆ ಪರದೆ ಒಂದ್ ಇಳ್ಸಿದ್ರೆ ಏನಾಗ್ತಿತ್ತೇ ನಿಂಗೆ? ಫೋನ್ ಹಿಡ್ಕಂಡ್ ಕೂತಿದ್ದೆ ಅಲ್ವಾ? ನಿನ್ ಶೆಡ್ಡು ಹಾಳಾಗೋಗ್ಲಿ, ನನ್ದೂ ಹಾಳ್ ಮಾಡ್ಬುಟ್ಟೆ." ಸುಜಾತ ನನ್ನ ಕಡೆ ನೋಡಿದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅವಳ ಕಣ್ಣು ತಪ್ಪಿಸಿ ಬೈಕ್ ಸ್ಟಾರ್ಟ್ ಮಾಡಿದೆ.

ರಿಪೋರ್ಟಿನಲ್ಲಿ "ರೈತರ ನಿರ್ಲಕ್ಷ್ಯ" ಎಂದು ಬರೆದೆ. ಉಳಿದ ಕೋಳಿ ಲಾರಿ ಹತ್ತಿದ ಮೇಲೆ ಕಂಪನಿ ಆ ಶೆಡ್ಡಿಗೆ ಮತ್ತೆ ಮರಿ ಹಾಕಲಿಲ್ಲ. ಹೊಸ ಶೆಡ್ಡಿನ ಮಾತಂತೂ ಸತ್ತೇಹೋಯಿತು. ದೀಪಾವಳಿ ಹೊತ್ತಿಗೆ ಸುಜಾತ ಅಕ್ಕನ ಮನೆ ಬಿಟ್ಟು ಪಾವಗಡಕ್ಕೆ ಹೋಗಿ ಯಾವುದೋ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದಳೆಂದು ಕೇಳಿದೆ. ಶಿರಾದ ಹುಡುಗಿ ನನ್ನನ್ನು ಒಪ್ಪಲಿಲ್ಲ, ಸರಿಯಾಗಿಯೇ ಮಾಡಿದಳು. ಎರಡು ವರ್ಷದ ನಂತರ ನಾನೂ ಕಂಪನಿ ಬಿಟ್ಟು ಈ ಅಂಗಡಿ ಹಾಕಿಕೊಂಡೆ. ಅಂಗಡಿಗೆ ಬಂದವರಿಗೆಲ್ಲ "ಹೊರಗಿನ ಚಪ್ಪಲಿ ಒಳಗೆ ಬಿಡಬೇಡಿ, ಸೂಪರ್‌ವೈಸರ್ ಬಂದರೂ ಬಿಡಬೇಡಿ" ಎಂದು ದೊಡ್ಡ ಬಾಯಿ ಮಾಡಿ ಹೇಳುತ್ತೇನೆ. "ನಿಮ್ಗೆ ಇಷ್ಟೆಲ್ಲ ಹೆಂಗ್ ಗೊತ್ತು ಸಾರ್?" ಎಂದು ಮೆಚ್ಚಿಕೊಳ್ಳುತ್ತಾರೆ. ಆಗ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.

ಪುರವರದ ರೈತರು ಬಂದು ಹೋದ ಮಾರನೇ ದಿನ ಅಂಗಡಿಗೆ ಬೀಗ ಹಾಕಿ ತೋವಿನಕೆರೆಗೆ ಹೋದೆ. ಶೆಡ್ಡಿನ ಒಂದು ಭಾಗದಲ್ಲಿ ಮೇಕೆ ಕಟ್ಟಿದ್ದರು, ಇನ್ನೊಂದರಲ್ಲಿ ಸೌದೆ ಒಟ್ಟಿದ್ದರು. ಓಬಳಮ್ಮನಿಗೆ ಕೂದಲು ನೆರೆತಿತ್ತು. ಗುರುತು ಹಿಡಿದು "ಅಯ್ಯೋ, ನಮ್ ಸೂಪರ್‌ವೈಸರ್ ಸಾರು! ಬನ್ನಿ ಬನ್ನಿ, ಕೂತ್ಕಳಿ" ಎಂದು ಚಾಪೆ ಹಾಕಿದರು. ಕಾಫಿ ಕೊಟ್ಟರು. ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ಹೊಸಕೋಟೆ, ಶನಿವಾರ, ಬೂಟು, ಡಾಕ್ಟರಿಗೆ ಹೇಳಿದ ಸುಳ್ಳು. "ಪರದೆಯಿಂದ ಬಂದಿದ್ದಲ್ಲ ಅಮ್ಮ. ಆ ಮೂಲೆ ನಾನೇ ಮುಟ್ಟಿ ನೋಡಿದ್ದೆ, ಒಣಗಿತ್ತು. ಅದನ್ನು ತಂದಿದ್ದು ನಾನು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು.

"ಏಳು ವರ್ಸ ಆಯ್ತು ಕಣಪ್ಪ ಅವ್ಳು ಈ ಹೊಸ್ಲು ತುಳ್ದು" ಎಂದರು. ಮಾತಿನಿಂದ 'ಸಾರ್' ಹೋಗಿತ್ತು. "ನಮ್ಮವ್ವ ಸತ್ತಾಗ ಬಂದಿದ್ಲು. ಆಚೆ ಚಪ್ಪರದಾಗೇ ನಿಂತಿದ್ದು ಹೊಂಟೋದ್ಲು. ನಾನು ಒಳಿಕ್ ಬಾ ಅನ್ಲಿಲ್ಲ. 'ನಾನು ಆವಾಗ್ಲೇ ತೆಗ್ದಾಕಿದ್ದೆ ಕಣಕ್ಕ' ಅಂತ ಎಷ್ಟ್ ಸಲ ಅಂದ್ಲು. ನಾನು ನಂಬಲಿಲ್ಲ. ನಿನ್ ಮಾತು ನಂಬ್ದೆ."

ನಾನು ಅವರ ಕಾಲಿಗೆ ಬೀಳಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ ಕಾಲ್ ಯಾಕಪ್ಪ ಹಿಡೀತೀಯ? ಹಿಂಗೆ ನನ್ ಮುಂದೆ ಹೇಳಿದ್ರೆ ಏನ್ ಬಂತು? ಅವ್ಳಿಗೆ ಹೇಳು." ಎದ್ದು ಒಳಗೆ ಹೋಗಿ ಫೋನ್ ತಂದರು. ತಂಗಿಯ ನಂಬರು ಇತ್ತು. ಇಷ್ಟು ವರ್ಷ ಇಟ್ಟುಕೊಂಡಿದ್ದರು. ಒತ್ತಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

ಆ ಕಡೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. "ಅಕ್ಕಾ?" ಎಂದಳು ಸುಜಾತ, ಗಾಬರಿಯಿಂದ. "ಏನಾಯ್ತೇ? ಹುಷಾರಾಗಿದೀಯಾ?"

ನಾನು ಯಾರೆಂದು ಹೇಳಿದೆ. ಮತ್ತೆ ಎಲ್ಲವನ್ನೂ ಹೇಳಿದೆ. ಎರಡನೇ ಸಲ ಹೇಳುವಾಗ ಮಾತು ತೊದಲಿತು, ಆದರೂ ಹೆಣ್ಣು ನೋಡಲು ಹೋಗುವ ಆತುರವಿತ್ತು ಎಂಬುದನ್ನೂ ಬಿಡಲಿಲ್ಲ. ಆ ಕಡೆ ಪಾತ್ರೆಯ ಸದ್ದು ನಿಂತಿತ್ತು.

"ಅಕ್ಕ ಅಲ್ಲೇ ಅವ್ಳಾ?" ಎಂದಳು.

"ಹೂಂ. ಪಕ್ಕದಲ್ಲೇ ಇದಾರೆ."

"ನೀವು ಹೇಳಿದ್ದೆಲ್ಲ ಕೇಳಿಸ್ಕಂಡ್ಳಾ?"

"ಕೇಳಿಸಿಕೊಂಡರು."

"ಸರಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ನೀವಿನ್ನು ಆಚೆ ಹೋಗಿ ಸಾರ್. ನಾವಿಬ್ರೂ ಮಾತಾಡ್ಬೇಕು."

ಫೋನನ್ನು ಓಬಳಮ್ಮನ ಕೈಗೆ ಬಿಟ್ಟು ಹೊರಗೆ ಬಂದೆ. ಒಳಗಿಂದ ಓಬಳಮ್ಮನ ದನಿ ಬಂತು, ಅಳುವಿನಲ್ಲಿ ಅರ್ಧ ಮುಳುಗಿತ್ತು. "ಬೈಯ್ಯೇ ನನ್ನ. ಏಳು ವರ್ಸದ್ದೂ ಸೇರ್ಸಿ ಬೈದ್ಬುಡು, ಸುಮ್ಕಿರ್ಬ್ಯಾಡ." ಸುಜಾತ ಏನೆಂದಳೋ ನನಗೆ ತಿಳಿಯದು. ಅದು ನಾನು ಕೇಳಿಸಿಕೊಳ್ಳಬೇಕಾದ ಮಾತೂ ಆಗಿರಲಿಲ್ಲ. ಹೋಗಿಬರುತ್ತೇನೆಂದು ಹೇಳುವ ಮುಖವಿರಲಿಲ್ಲ. ಬೈಕನ್ನು ರಸ್ತೆಯವರೆಗೂ ತಳ್ಳಿಕೊಂಡು ಹೋಗಿ, ಅವರಿಗೆ ಸದ್ದು ಕೇಳಿಸದಷ್ಟು ದೂರ ಬಂದ ಮೇಲೆ ಸ್ಟಾರ್ಟ್ ಮಾಡಿದೆ.